ಎಸ್‌ಪಿಎಫ್ ಹಾಕಿದ್ದರೂ ನನ್ನ ಸರ್ವರ್‌ನ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ, ಯಾಕೆ?

ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ. ಮೊದಲು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ದಾಖಲೆಯಲ್ಲಿ) ಎಸ್‌ಪಿಎಫ್ ರೆಕಾರ್ಡ್ ಎಷ್ಟಿವೆ ನೋಡಿ. ಹೋಸ್ಟಿಂಗ್‌ನವರು ಒಂದು ಹಾಕಿರುತ್ತಾರೆ, ನ್ಯೂಸ್‌ಲೆಟರ್ ಸೇವೆಯವರು ಹೇಳಿದರೆಂದು ನಾವು ಇನ್ನೊಂದು ಸೇರಿಸಿರುತ್ತೇವೆ. ಒಂದು ಡೊಮೇನ್‌ಗೆ ಒಂದೇ ಇರಬೇಕು. ಎರಡಾದರೆ ಎರಡೂ ಕೆಲಸಕ್ಕೆ ಬರುವುದಿಲ್ಲ, ಪರ್ಮ್‌ಎರರ್ (ರೆಕಾರ್ಡೇ ತಪ್ಪಾಗಿದೆ ಎಂಬ ಎರರ್) ಬರುತ್ತದೆ. ಎರಡನೆಯದರ ಇನ್‌ಕ್ಲೂಡ್ ಭಾಗವನ್ನು (ಆ ಸೇವೆಯ ಸರ್ವರ್‌ಗಳಿಗೂ ಅನುಮತಿ ಕೊಡುವ ಭಾಗ) ಮೊದಲನೆಯದರಲ್ಲಿ, ಕೊನೆಯ 'ಆಲ್'ಗಿಂತ (ಉಳಿದ ಸರ್ವರ್‌ಗಳೆಲ್ಲ ಎಂದರ್ಥ) ಮುಂಚೆ ಸೇರಿಸಿ. 'ಆಲ್' ಆದ ಮೇಲೆ ಬರೆದದ್ದನ್ನು ಯಾವ ಸರ್ವರ್ರೂ ನೋಡುವುದಿಲ್ಲ. ಸುಮ್ನೆ ಸಿಕ್ಕಿದ್ದೆಲ್ಲ ತುಂಬಬೇಡಿ, ಇನ್‌ಕ್ಲೂಡ್‌ನಂಥವಕ್ಕೆ ಮಾಡುವ ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟಿದರೂ ಅದೇ ಎರರ್.

ಡಿಕಿಮ್ ಅನ್ನು (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನಲ್‌ನಲ್ಲೇ ಆನ್ ಮಾಡಬಹುದು. ಆದರೆ ನೇಮ್‌ಸರ್ವರ್ (ನಿಮ್ಮ ಡಿಎನ್‌ಎಸ್ ಇರುವ ಸರ್ವರ್) ಬೇರೆ ಕಡೆ ಇದ್ದರೆ ಸಹಿ ಪರೀಕ್ಷಿಸುವ ಕೀಯನ್ನು ಅಲ್ಲಿಗೆ ನೀವೇ ಕಾಪಿ ಮಾಡಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಡಿಮಾರ್ಕ್ (ಈ ಎರಡರಲ್ಲೂ ಫೇಲ್ ಆದ ಮೇಲ್ ಅನ್ನು ಏನು ಮಾಡಬೇಕೆಂದು ಹೇಳುವ ರೆಕಾರ್ಡ್) ಸದ್ಯಕ್ಕೆ 'ಪಿ=ನನ್' (ಏನೂ ಮಾಡಬೇಡಿ) ಇರಲಿ, ರಿಪೋರ್ಟ್ ನೋಡಿ ಆಮೇಲೆ ಬಿಗಿ ಮಾಡಿ. ಪಿಟಿಆರ್‌ಗೆ (ಐಪಿಯಿಂದ ಸರ್ವರ್ ಹೆಸರು ತಿಳಿಸುವ ರೆಕಾರ್ಡ್) ಮಾತ್ರ ಐಪಿ ಕೊಟ್ಟವರನ್ನೇ ಕೇಳಬೇಕು.