ಇಂಗ್ಲೆಂಡಿನ ಬೇಸಿಗೆ ಶಿಬಿರಕ್ಕೆ ಹೊರಟ ಮಂಜೇಶ್ವರದ ತಂಗಿಗೆ

ತಂಗೀ, ಸೆಪ್ಟೆಂಬರಿಗೆ ಬರ್ಮಿಂಗ್‌ಹ್ಯಾಮಿಗೆ ಎಂ.ಎಸ್ಸಿ. ಓದಲು ಬರುತ್ತೇನೆ, ಊರಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ದುಡಿದು ಅಭ್ಯಾಸ ಉಂಟು, ಅಲ್ಲಿಯೂ ಸ್ವಯಂಸೇವಕಿಯಾಗಿ ಸೇರಬಹುದಾ, ಎಂತೆಂತ ಕಾಗದ ಬೇಕು, ಮುಂದೆ ಕೆಲಸ ಸಿಗಲು ಸಹಾಯ ಆದೀತಾ ಎಂದು ಕೇಳಿದ್ದೀಯಲ್ಲ. ಸೇರಬಹುದು. ಕೆಲಸದ ವಿಷಯ ಭರವಸೆ ಇಟ್ಟುಕೊಳ್ಳಬೇಡ. ಒಂದು ಶಿಫಾರಸು ಪತ್ರ ಸಿಕ್ಕೀತು, ಅಷ್ಟೆ.

ನಮ್ಮಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಶಿಬಿರ. ಇಲ್ಲಿ ಶಾಲೆಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ, ಹೆಚ್ಚುಕಡಿಮೆ ಆರು ವಾರ. ಆದರೆ ಕಾಗದದ ಕೆಲಸ ನೀನು ಬಂದ ಮರುವರ್ಷದ ಏಪ್ರಿಲಿನಲ್ಲೇ ಶುರುಮಾಡು. ವಿದ್ಯಾರ್ಥಿ ವೀಸಾದಲ್ಲಿ ಪಾಠದ ಅವಧಿಗೆ ವಾರಕ್ಕೆ 20 ಗಂಟೆಯ ಮಿತಿ. ಕರಾರು ಮಾಡಿಸಿ, ಇಷ್ಟೇ ಹೊತ್ತಿಗೆ ಬರಲೇಬೇಕು ಎಂದರೆ ಸಂಬಳವಿಲ್ಲದಿದ್ದರೂ ಅದು ಆ ಮಿತಿಯೊಳಗೇ ಸೇರುತ್ತದೆ. ಕರಾರಿಲ್ಲದ, ಮನಸ್ಸಿದ್ದರೆ ಬರುವ ಸೇವೆ ಸೇರುವುದಿಲ್ಲ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಎಂ.ಎಸ್ಸಿ.ಯವರಿಗೆ ಪ್ರಬಂಧ ಬರೆಯುವ ಆ ಬೇಸಿಗೆ ಸಾಮಾನ್ಯವಾಗಿ ರಜೆಯ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲೇ ಕೇಳಿಕೋ.

ಮಕ್ಕಳ ಜೊತೆಗಿನ ಕೆಲಸಕ್ಕೆ ಡಿಬಿಎಸ್ ಎಂಬ ಹಿನ್ನೆಲೆ ತಪಾಸಣೆ ಉಂಟು. ಅರ್ಜಿ ಹಾಕಿಸುವುದು ಶಿಬಿರದವರು. ಸ್ವಯಂಸೇವಕರಿಗೆ ಸರಕಾರದ ಶುಲ್ಕವಿಲ್ಲ. ಪ್ರಮಾಣಪತ್ರ ಬರುವುದು ನಿನ್ನ ವಿಳಾಸಕ್ಕೆ. ಅದರ ಮೇಲಿರುವ ತಾರೀಕಿನಿಂದ 30 ದಿನದೊಳಗೆ ಡಿಬಿಎಸ್‌ನವರದ್ದೇ ಅಪ್‌ಡೇಟ್ ಸರ್ವಿಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ನೋಂದಾಯಿಸಿಕೊಂಡರೆ ಮುಂದಿನ ವರ್ಷ ಮತ್ತೆ ಮೊದಲಿಂದ ಮಾಡುವುದು ತಪ್ಪುತ್ತದೆ. ಅರ್ಜಿಯಲ್ಲಿ ಕಳೆದ ಐದು ವರ್ಷದ ವಿಳಾಸ ತಿಂಗಳು ಸಮೇತ ಕೇಳುತ್ತಾರೆ, ನಡುವೆ ತೂತು ಇರಬಾರದು. ಮಂಗಳೂರಿನ ಹಾಸ್ಟೆಲನ್ನೂ ಬರೆ. ಹೆಸರಂತೂ ನಮ್ಮ ಕಾಸರಗೋಡಿನವರಿಗೆ ದೊಡ್ಡ ತಲೆನೋವು. ಕೇರಳದ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಡಿಗ್ರಿಯಲ್ಲಿ ಮೂರನೆಯ ರೂಪ. ಬಳಸಿದ ಹೆಸರನ್ನೆಲ್ಲ ಕಾಣಿಸಬೇಕು. ಒಂದನ್ನು ಬಿಟ್ಟರೆ ಪತ್ರ ಅಲ್ಲಿಯೇ ನಿಲ್ಲುತ್ತದೆ, ಶಿಬಿರ ಮುಗಿದುಹೋಗುತ್ತದೆ. ಡಿಬಿಎಸ್ ಊರಿನ ಪೊಲೀಸ್ ದಾಖಲೆಯನ್ನು ನೋಡುವುದಿಲ್ಲ. ಹಾಗಾಗಿ ಕೆಲವರು ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ. ಹೊರಡುವ ಮೊದಲೇ ಪಾಸ್‌ಪೋರ್ಟ್ ಸೇವಾ ಮೂಲಕ ಒಂದು ಮಾಡಿಸಿ ತಾ.

ಇನ್ನು ಮಕ್ಕಳು. ಕೆನ್ನೆ ಚಿವುಟುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಎಲ್ಲ ಕುಂಬಳೆಯಲ್ಲೇ ಇರಲಿ. ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇರಬೇಡ. ಸನ್‌ಕ್ರೀಮ್ ಮಗುವೇ ಹಚ್ಚಿಕೊಳ್ಳಲಿ, ನೀನು ನಿನ್ನ ಕೈಗೆ ಹಚ್ಚಿಕೊಂಡು ತೋರಿಸು. ನಿನ್ನ ಫೋನಿನಲ್ಲಿ ಪಟ ತೆಗೆಯಬೇಡ. ಸಂಜೆ ಮಗುವನ್ನು ಕರೆದೊಯ್ಯುವವರ ಪಟ್ಟಿಯಲ್ಲಿ ಹೆಸರಿಲ್ಲದ ಮಾವ ಬಂದರೆ, ಮಗು ಓಡಿ ಹೋಗಿ ತಬ್ಬಿಕೊಂಡರೂ ಕಳುಹಿಸಬೇಡ. 4ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 12ರ ಎಂಟು ಮಕ್ಕಳಿಗೆ ಒಬ್ಬರು ಎಂಬುದು ಸಾಮಾನ್ಯ ಲೆಕ್ಕ. ಪಾರ್ಕಿಗೆ ಹೊರಟಾಗ, ತಲುಪಿದಾಗ, ವಾಪಸಾಗುವಾಗ ತಲೆ ಎಣಿಸು. ಹೆಸರು ಕರೆದು ಎಣಿಸು. ಬರೀ ಸಂಖ್ಯೆ ಎಣಿಸಿದರೆ ಬೇರೆ ಗುಂಪಿನ ಮಗು ಸೇರಿ ಲೆಕ್ಕ ಸರಿಯೆಂದು ಕಾಣುತ್ತದೆ.

ಇದಕ್ಕಿಂತ ಮುಖ್ಯವಾದದ್ದೊಂದು ಉಂಟು. ನಾನು ಬಂದ ಹೊಸತರಲ್ಲಿ ಹೇಳಿಕೊಡುವವರು ಇರಲಿಲ್ಲ, ಆ ಬೇಸರ ಇನ್ನೂ ಹೋಗಿಲ್ಲ. ಬಣ್ಣ ಹಚ್ಚುತ್ತಾ ಕೂತ ಮಗು ಒಮ್ಮೆಗೇ, “ಒಂದು ಗುಟ್ಟು ಹೇಳ್ತೇನೆ, ಯಾರಿಗೂ ಹೇಳುವುದಿಲ್ಲಾಂತ ಮಾತು ಕೊಡು” ಅನ್ನುತ್ತದೆ. ನಮ್ಮ ಬಾಯಿಯಲ್ಲಿ “ಆಯ್ತು ಪುಟ್ಟಾ” ಎಂದೇ ಬರುವುದು. ಅದೊಂದು ಮಾತು ಕೊಡಬೇಡ ತಂಗೀ. “ನಿನಗೆ ಸಹಾಯ ಮಾಡುವವರಿಗೆ ನಾನು ಹೇಳಬೇಕಾದೀತು” ಎಂದು ಮೊದಲೇ ಹೇಳು. ಹೆಚ್ಚಿನ ಮಕ್ಕಳು ಆಮೇಲೂ ಹೇಳುತ್ತಾರೆ. ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ; ಆಗ ಮುಚ್ಚಿಕೊಂಡದ್ದನ್ನೇ ಬರೆದು ತಿಳಿಸಬೇಕು.

ಕೇಳುವಾಗ “ಅಪ್ಪ ಹೊಡೆದರಾ?” ಎಂದು ಉತ್ತರವನ್ನು ನೀನೇ ಬಾಯಿಗೆ ಇಡಬೇಡ. “ಮತ್ತೆ?” ಅಂದರೆ ಸಾಕು. ಅಂಗಿ ಎತ್ತಿ ನೋಡಬೇಡ. ಅರ್ಧ ಗಂಟೆಯೊಳಗೆ ಬರೆದುಬಿಡು: ತಾರೀಕು, “ಮಧ್ಯಾಹ್ನ 2.10, ಬಣ್ಣದ ಮೇಜು”, ಮಗು ಆಡಿದ ಮಾತು ಆಡಿದ ಹಾಗೆಯೇ, “ಎಡ ಮುಂಗೈಯಲ್ಲಿ ನಾಣ್ಯದಷ್ಟು ನೀಲಿ ಗುರುತು”, ಕೆಳಗೆ ನಿನ್ನ ಸಹಿ. “ಪಾಪ, ಹೆದರಿದ ಹಾಗೆ ಕಂಡಿತು” ಎಂಬ ನಿನ್ನ ಅಭಿಪ್ರಾಯ ಬೇರೆ ಸಾಲಿನಲ್ಲಿರಲಿ. ಅವತ್ತೇ ಮಕ್ಕಳ ಸುರಕ್ಷೆಗೆಂದು ಶಿಬಿರದಲ್ಲಿ ನೇಮಿಸಿದವರ ಕೈಗೆ ಕೊಡು. ತಂದೆತಾಯಿಗೆ ನೀನು ಹೇಳಲು ಹೋಗಬೇಡ. ಯಾರದ್ದೋ ಮನೆಯ ವಿಷಯ ನಮಗೆ ಯಾಕೆ ಎಂದು ಬೆಳೆದವರು ನಾವು. ಸುಮ್ಮನಿದ್ದು ಬಂದವರಿಗೆ ಆ ಮಗುವಿನ ಮುಖ ವರ್ಷಗಟ್ಟಲೆ ಕಾಡುತ್ತದೆ.

ಕಲಿಸಲು ಎಂತ ತರಲಿ ಎಂದಿದ್ದೀ. ಯಕ್ಷಗಾನದ ನಾಲ್ಕು ಹೆಜ್ಜೆ ಸಾಕು; ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆಯವಳು ಎಂದು ಹೆಮ್ಮೆಯಿಂದ ಹೇಳು. ಮುಖಕ್ಕೆ ಬಣ್ಣ ಮಾತ್ರ ಪೋಷಕರ ಒಪ್ಪಿಗೆ ಇಲ್ಲದೆ ಬೇಡ, ಚರ್ಮ ಕೆಂಪಾಗುವ ಮಕ್ಕಳಿದ್ದಾರೆ.

ಬುತ್ತಿ ನಿನ್ನದು ನೀನೇ ಒಯ್ಯಬೇಕು, ಮಕ್ಕಳಿಗೆ ಒಂದು ತುತ್ತೂ ಕೊಡುವ ಹಾಗಿಲ್ಲ. ಇಲ್ಲಿನ ಕಾನೂನು ಹೆಸರಿಸುವ 14 ಅಲರ್ಜಿ ಪದಾರ್ಥಗಳಲ್ಲಿ ನೆಲಗಡಲೆ, ಗೇರುಬೀಜ, ಎಳ್ಳಿನ ಜೊತೆ ಸಾಸಿವೆಯೂ ಉಂಟು. ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ಕೊಡುವ ಚುಚ್ಚುಮದ್ದು) ಇರುವ ಮಗು ಯಾವುದು, ಪೆನ್ ಎಲ್ಲಿ ಇಟ್ಟಿದ್ದಾರೆ ಎಂದು ಮೊದಲ ದಿನ ಬೆಳಿಗ್ಗೆಯೇ ಕೇಳಿಕೋ: ತೊಡೆಯ ಹೊರಭಾಗಕ್ಕೆ ಚುಚ್ಚಿ, 999ಕ್ಕೆ ಕರೆ, ಮಗುವನ್ನು ಮಲಗಿಸಿ ಕಾಲು ಎತ್ತರಿಸಿಡುವುದು (ಉಸಿರಾಡಲು ಕಷ್ಟವಾದರೆ ಕೂರಿಸುವುದು), ಎದ್ದು ನಡೆಯಲು ಬಿಡಬಾರದು. ನಾನು ಶಿಬಿರಕ್ಕೆ ಒಯ್ಯುವುದು ಗೇರುಬೀಜ ಇಲ್ಲದ, ಸಾಸಿವೆ ಒಗ್ಗರಣೆ ಇಲ್ಲದ ಚಿತ್ರಾನ್ನ. ರುಚಿ ಹೇಗಿರುತ್ತದೆ ಎಂದು ಮಾತ್ರ ಕೇಳಬೇಡ ಮಾರಾಯ್ತಿ.