ಕಿವಿ ಸರಿಯಿದೆ ಅಂತಾರೆ, ನೋವು ಮಾತ್ರ ಹೋಗಿಲ್ಲ

ಪ್ರಶ್ನೆ: ನನಗೆ 34 ವರ್ಷ, ವಿಜಯನಗರದಲ್ಲಿ ವಾಸ, ಸಾಫ್ಟ್‌ವೇರ್ ಕೆಲಸ. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ವಾರವಿಡೀ ತಿಂದೆ. ಅಲ್ಲಿಂದೀಚೆಗೆ ಬಲಗಿವಿ ನೋವು, ಕಟ್ಟಿಕೊಂಡ ಹಾಗೆ ಬೇರೆ. ರಾತ್ರಿ ಗುಂಯ್ ಅನ್ನುತ್ತದೆ. ಆಕಳಿಸಿದರೆ ‘ಕಟಕ್’. ಇಎನ್‌ಟಿ ವೈದ್ಯರು ಕಿವಿ ಚೆನ್ನಾಗಿದೆ, ಶ್ರವಣ ಪರೀಕ್ಷೆಯೂ ಸರಿಯಿದೆ ಎಂದರು. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಎಣ್ಣೆ ನಿಲ್ಲಿಸಿ. ಅಮ್ಮನಿಗೆ ಬೇಜಾರಾಗದಂತೆ ಹೇಳುವುದು ನಿಮ್ಮ ಜಾಣತನ.

ಈಗ ಕನ್ನಡಿ ಮುಂದೆ ನಿಂತು, ಎರಡೂ ತೋರುಬೆರಳನ್ನು ಕಿವಿತೂತಿನ ಸ್ವಲ್ಪ ಮುಂದೆ ಇಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಡಿ ಉಂಡೆಯ ಹಾಗೆ ಜಾರುವುದೇ ದವಡೆ ಕೀಲು. ಅಲ್ಲಿ ಒತ್ತಿದಾಗ ‘ಅರೆ, ಇದೇ ನೋವು’ ಅನ್ನಿಸಿತೇ? ದವಡೆ ಒಂದು ಪಕ್ಕಕ್ಕೆ ಸೊಟ್ಟಗೆ ಹೋಗುತ್ತಿದೆಯೇ? ಹಾಗಿದ್ದರೆ ತಕರಾರು ಬಹುತೇಕ ಕೀಲಿನದು, ಕಿವಿಯದಲ್ಲ. ಬಾಯಿ ಸಾಮಾನ್ಯವಾಗಿ 40 ಮಿ.ಮೀ. ತೆರೆಯಬೇಕು, ಅಂದರೆ ನಿಮ್ಮದೇ ಮೂರು ಬೆರಳು ಹಿಡಿಸಬೇಕು.

ಕೀಲಿಗೂ ಕಿವಿನಾಳಕ್ಕೂ ನಡುವೆ ಇರುವುದು ತೆಳು ಮೂಳೆಗೋಡೆ. ಎರಡಕ್ಕೂ ಸ್ಪರ್ಶ, ನೋವು ತಿಳಿಸುವ ನರದ ಕವಲು ಒಂದೇ. ಹಾಗಾಗಿ ಪಕ್ಕದ ಮನೆಯ ಕೂಗು ನಮ್ಮ ಮನೆಯದೆಂದು ಮೆದುಳು ತಿಳಿಯುತ್ತದೆ. ಕಿವಿತಮಟೆಯನ್ನು ಬಿಗಿಮಾಡುವ ಪುಟ್ಟ ಸ್ನಾಯುವಿಗೂ ಅಗಿಯುವ ಸ್ನಾಯುಗಳಿಗೂ ಮೂಲನರ ಒಂದೇ. ಕಟ್ಟಿಕೊಂಡ ಭಾವ, ಗುಂಯ್‌ ಸದ್ದಿಗೆ ಅದೂ ಒಂದು ಕಾರಣವಿರಬಹುದು. ಈ ನಂಟನ್ನು 1934ರಲ್ಲೇ ಅಮೆರಿಕದ ಕಿವಿ ವೈದ್ಯ ಜೇಮ್ಸ್ ಕಾಸ್ಟೆನ್ ಬರೆದಿದ್ದರು. ದವಡೆಹಲ್ಲು ಬಿದ್ದು ಕೀಲು ಹಿಂದಕ್ಕೆ ಒತ್ತುತ್ತದೆ ಎಂಬ ಅವರ ವಿವರಣೆ ನಿಲ್ಲಲಿಲ್ಲ, ಗಮನಿಸಿದ ನಂಟು ಉಳಿಯಿತು.

ಕಡಲೆಕಾಯಿಯನ್ನೇ ದೂರಬೇಡಿ. ರಾತ್ರಿ ಹಲ್ಲು ಕಡಿಯುತ್ತೀರಾ ಎಂದು ಮನೆಯವರನ್ನು ಕೇಳಿ. ನಾಲಿಗೆಯಂಚಿನಲ್ಲಿ ಹಲ್ಲಿನ ಅಚ್ಚು, ಬೆಳಿಗ್ಗೆ ಬಿಗಿದ ಕೆನ್ನೆ ಇದ್ದರೆ ಅನುಮಾನ ಬಲವಾಗುತ್ತದೆ. ಸಿಲ್ಕ್‌ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗಲೂ ಹಲ್ಲು ಕಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ.

ಕೆಲವು ವಾರ ಚಕ್ಕುಲಿ, ನಿಪ್ಪಟ್ಟು, ಕಬ್ಬು ಬೇಡ. ಮುದ್ದೆ ಉತ್ತಮ, ಅದನ್ನು ಅಗಿಯುವವರೇ ಇಲ್ಲವಲ್ಲ! ದಿನಕ್ಕೆರಡು ಸಲ ಕಾಲು ಗಂಟೆ ಬಿಸಿಬಟ್ಟೆ ಶಾಖ ಕೊಡಿ. ಆಕಳಿಕೆ ಬಂದಾಗ ಗಲ್ಲಕ್ಕೆ ಕೈ ಆಸರೆಯಿರಲಿ. ಬಹುಪಾಲು ಜನರಿಗೆ ಇಷ್ಟರಲ್ಲೇ ತಗ್ಗುತ್ತದೆ. ತಗ್ಗದಿದ್ದರೆ ದಂತವೈದ್ಯರು ರಾತ್ರಿ ಧರಿಸುವ ಹಲ್ಲುಕವಚ ಮಾಡಿಕೊಡುತ್ತಾರೆ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲೂ ತೋರಿಸಬಹುದು. ಮೊದಲ ಭೇಟಿಯಲ್ಲೇ ಹಲ್ಲು ಉಜ್ಜಿ ಸಮಮಾಡೋಣ, ಆಪರೇಷನ್ ಮಾಡೋಣ ಅಂದರೆ ಒಪ್ಪಬೇಡಿ. ಅಂದಹಾಗೆ, ನೋವಿಲ್ಲದ ಬರೀ ಕಟಕ್‌ಗೆ ಚಿಕಿತ್ಸೆಯೇ ಬೇಕಿಲ್ಲ.

ಇದ್ದಕ್ಕಿದ್ದಂತೆ ಕಿವಿ ಕೇಳಿಸದಿದ್ದರೆ, ಸೋರಿದರೆ, ಮುಖ ವಾಲಿದರೆ ಅಂದೇ ಇಎನ್‌ಟಿಗೆ ಹೋಗಿ. ಎಲೆಅಡಿಕೆ, ಗುಟ್ಕಾ, ಸಿಗರೇಟಿನ ವಿಷಯ ನೀವು ಬರೆದಿಲ್ಲ. ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಿ, ನಾಲಿಗೆಯ ಬುಡ ಮತ್ತು ಗಂಟಲನ್ನೂ ಪರೀಕ್ಷೆ ಮಾಡಿಸಿ: ಅಲ್ಲಿನ ಗಡ್ಡೆಯೂ ಹೀಗೇ ಒಂದೇ ಕಿವಿಯ ನೋವಾಗಿ ಕಾಣಿಸಿಕೊಳ್ಳುವುದುಂಟು.