ಕಲ್ಚರ್ ರಿಪೋರ್ಟೂ ಅಕ್ಕ ಕಳಿಸಿದ ಕ್ಯಾಪ್ಸೂಲೂ

ಪ್ರಶ್ನೆ: ಅಪ್ಪನಿಗೆ 64 ವರ್ಷ. ಮೂತ್ರಕೋಶದ ಕ್ಯಾನ್ಸರ್ ಆಗಿ, ಹೋದ ವರ್ಷ ಅದನ್ನು ತೆಗೆದು ಸಣ್ಣ ಕರುಳಿನಿಂದ ಹೊಸ ಮೂತ್ರಕೋಶ ಮಾಡಿದ್ದಾರೆ. ಈಗ ಜ್ವರ ಇಲ್ಲ, ನೋವಿಲ್ಲ. ಆದರೂ ಮೂರು ಸಲ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗಲೂ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬಂತು, ಮೂರು ಸಲವೂ ಆಂಟಿಬಯಾಟಿಕ್ ಆಯಿತು. ಅಮೆರಿಕದಲ್ಲಿರುವ ಅಕ್ಕ ಕ್ರ್ಯಾನ್‌ಬೆರಿ ಕ್ಯಾಪ್ಸೂಲ್ ಕಳಿಸಿದ್ದಾಳೆ. ಕೊಡಬಹುದಾ? ನಮ್ಮ ಕವಳೆ ಹಣ್ಣೂ ಅದೇ ಅಂತಾರೆ ಅಮ್ಮ.
– ಓದುಗರು, ಶಿರಸಿ

ಉತ್ತರ: ಜ್ವರ ಇಲ್ಲ, ನೋವಿಲ್ಲ ಅಂತ ಬರೆದಿದ್ದೀರಲ್ಲ, ನನಗೆ ರಿಪೋರ್ಟಿಗಿಂತ ಆ ಮಾತು ಮುಖ್ಯ.

ನಿಮ್ಮ ತಂದೆಯವರ ಹೊಸ ಮೂತ್ರಕೋಶ ಅಂದರೆ ಸುಮಾರು ಎರಡು ಅಡಿ ಕರುಳನ್ನು ಸೀಳಿ, ಮಡಿಸಿ, ಚೀಲದ ಹಾಗೆ ಹೊಲಿದದ್ದು. ಕೆಲಸ ಬದಲಾದರೂ ಕರುಳಿನ ಸ್ವಭಾವ ಹೋಗಿಲ್ಲ. ಅದು ಲೋಳೆ ಬಿಡುತ್ತಲೇ ಇರುತ್ತದೆ. ಬೆಳಗಿನ ಮೂತ್ರವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ನೋಡಿ. ಗಂಜಿ ತಿಳಿಯಲ್ಲಿ ತೇಲಿದ ಹಾಗೆ ಬಿಳಿ ಎಳೆಗಳು ಕಾಣುತ್ತವೆ. ಇಂಥ ಚೀಲದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದು ತುಂಬಾ ಸಾಮಾನ್ಯ. ತೊಂದರೆ ಕೊಡದೆ ಸುಮ್ನೆ ಇರುವವನ್ನು ಔಷಧಿ ಹಾಕಿ ಓಡಿಸಿದರೆ ಕೆಲವೇ ವಾರಗಳಲ್ಲಿ ವಾಪಸ್ ಬರುತ್ತವೆ, ಈ ಸಲ ಆ ಔಷಧಿಗೆ ಜಗ್ಗದವು.

ನಾನೂ ಮೊದಲ ವರ್ಷಗಳಲ್ಲಿ ರಿಪೋರ್ಟ್ ನೋಡಿ ಮಾತ್ರೆ ಬರೆದವನೇ. ಒಬ್ಬ ಮೇಷ್ಟರಿಗೆ ಹೀಗೇ ಕೊಟ್ಟು ಕೊಟ್ಟು, ಕೊನೆಗೆ ನಿಜವಾದ ಸೋಂಕು ಬಂದ ದಿನ ಯಾವ ಮಾತ್ರೆಯೂ ನಾಟಲಿಲ್ಲ. ಹತ್ತು ದಿನ ಇಂಜೆಕ್ಷನ್ನಿಗೆ ಅವರು ಅಡ್ಮಿಟ್ ಆಗಬೇಕಾಯಿತು. ಆ ತಪ್ಪು ನನಗೆ ಇವತ್ತಿಗೂ ನೋಯುತ್ತದೆ. ಅದಕ್ಕೇ ಹೇಳುತ್ತೇನೆ, ತೊಂದರೆ ಇಲ್ಲದಾಗ ಕಲ್ಚರ್ ಮಾಡಿಸಲೇಬೇಡಿ. ಇನ್ನೊಂದು ಆಪರೇಷನ್ ಇದ್ದರೆ ಮಾತು ಬೇರೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಪದೇ ಪದೇ ಬಂದರೂ ಸರ್ಜನ್‌ಗೆ ತೋರಿಸಿ, ಅದು ಕಲ್ಲು ಕಟ್ಟಿಸುತ್ತದೆ.

ಈಗ ಕ್ರ್ಯಾನ್‌ಬೆರಿ. ಇ. ಕೋಲೈಗೆ ಕೂದಲಿನಂಥ ಎಳೆಗಳಿವೆ, ಅವುಗಳಿಂದ ಮೂತ್ರಕೋಶದ ಗೋಡೆಗೆ ಅಂಟುತ್ತದೆ. ಹಣ್ಣಿನಲ್ಲಿರುವ ಪ್ರೋಆಂಥೋಸಯಾನಿಡಿನ್ ಎಂಬ ಅಂಶ ಆ ಹಿಡಿತ ತಪ್ಪಿಸುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಪದೇ ಪದೇ ಸೋಂಕಾಗುವ ಹೆಂಗಸರಿಗೆ, ಮಕ್ಕಳಿಗೆ ಇದು ಉಪಯೋಗ ಅಂತ ಕಂಡಿತು. ನರದ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದವರಲ್ಲಿ ಲಾಭ ಕಾಣಲಿಲ್ಲ. ಕರುಳಿನ ಮೂತ್ರಕೋಶದವರ ಮೇಲೆ ಫ್ರಾನ್ಸಿನ ಒಂದು ಸಣ್ಣ ಅಧ್ಯಯನ ಇದೆ. ಅದರಲ್ಲಿ ಮೂತ್ರದ ಬ್ಯಾಕ್ಟೀರಿಯಾ ಕಡಿಮೆಯಾಗಿತ್ತು, ಆದರೆ ಅಷ್ಟು ಕಡಿಮೆ ಜನರ ಲೆಕ್ಕ ನಂಬಿ ನಾನು ಚೀಟಿ ಬರೆಯಲಾರೆ.

ಅಕ್ಕ ಪ್ರೀತಿಯಿಂದ ಕಳಿಸಿದ್ದಾರೆ, ಬಿಸಾಡುವುದೇನೂ ಬೇಡ. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿಲ್ಲ, ಹಿಂದೆ ಕಲ್ಲು ಆಗಿಲ್ಲ ಅಂದರೆ, ನಿಮ್ಮ ಸರ್ಜನ್‌ನ ಒಂದು ಮಾತು ಕೇಳಿ ಕೊಡಬಹುದು. ಡಬ್ಬಿಯ ಮೇಲೆ ಪ್ರೋಆಂಥೋಸಯಾನಿಡಿನ್ ದಿನಕ್ಕೆ 36 ಮಿಲಿಗ್ರಾಂ ಅಂತ ಇದೆಯಾ ನೋಡಿ, ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ್ದು ಅಷ್ಟು. ಜ್ಯೂಸ್ ಬೇಡ, ಸಕ್ಕರೆ ಜಾಸ್ತಿ. ಕವಳೆ ಬೇರೆಯೇ ಗಿಡ. ಅಮ್ಮನ ಉಪ್ಪಿನಕಾಯಿಗೆ ಅಡ್ಡಿಯಿಲ್ಲ, ಔಷಧಿ ಅಂತ ಮಾತ್ರ ಬೇಡ.

ಇದಕ್ಕಿಂತ ಮುಖ್ಯವಾದ್ದು ಚೀಲ ಖಾಲಿಯಾಗುತ್ತಿದೆಯಾ ಅನ್ನುವುದು. ಕರುಳಿನ ಚೀಲ ತುಂಬಿದರೆ ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ಹಗಲು ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿ ಅಲಾರಂ ಇಟ್ಟು ಎದ್ದು ಹೋಗಬೇಕು. ಗಂಡಸರೂ ಕೂತೇ ಮಾಡಲಿ, ಹೊಟ್ಟೆಯ ಕೆಳಭಾಗವನ್ನು ಅಂಗೈಯಿಂದ ನಿಧಾನ ಒತ್ತಲಿ. ಆಮೇಲೆ ಎಷ್ಟು ಉಳಿಯಿತು ಅಂತ ಒಮ್ಮೆ ಸ್ಕ್ಯಾನ್ ಮಾಡಿಸಿ. ಜಾಸ್ತಿ ಉಳಿಯುತ್ತಿದ್ದರೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕಿ ತೆಗೆಯುವುದನ್ನು, ಲೋಳೆ ತೊಳೆಯುವುದನ್ನು ಕಲಿಸಿಕೊಡಲು ಕೇಳಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಬಿ12 ವಿಟಮಿನ್ ಎಷ್ಟಿದೆ ಅಂತ ಕೂಡ ನೋಡಿಸಿ.

ಚಳಿ ಜ್ವರ, ಪಕ್ಕೆ ನೋವು ಬಂದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಮೂರು ಹಳೆಯ ಕಲ್ಚರ್ ರಿಪೋರ್ಟನ್ನೂ ಒಯ್ಯಿರಿ. ಯಾವ ಔಷಧಿಗೆ ಜಗ್ಗುತ್ತದೆ ಅಂತ ಅದರ ಕೆಳಗೇ ಪಟ್ಟಿ ಇರುತ್ತದೆ.